ಸ್ಟಾಕಿಲ್ಲದ ಮುನಿರಾಮಯ್ಯ

ಬೆಲ್ಲದ ವ್ಯಾಪಾರಿ ನಾನು; ಬೆಲ್ಲದ ಅಚ್ಚಿನಂತೆ ತೂಗಿ ನೋಡಿದರೆ ಹೆಬ್ಬಾಳದ ಪೆಟ್ರೋಲ್ ಬಂಕಿನ ಮುನಿರಾಮಯ್ಯ ಎರಡನೇ ದರ್ಜೆಯ ಮಾಲು. ಮೇಲೆ ಒರಟು, ಒಳಗೇನಿದೆಯೋ ಒಡೆದೇ ನೋಡಬೇಕು. ಡೀಸೆಲ್ ಪಂಪು ಅವನ ಸುಪರ್ದಿ. ಲಾರಿಗಳ ಸಾಲಿನಲ್ಲಿ ನನ್ನ ಡೀಸೆಲ್ ಕಾರು ಕಂಡರೆ ಅವನಿಗೆ ನಗು. "ಕಾರ್‌ಗ್ಯಾಕೆ ಶೆಟ್ರೇ ಡೀಸಲ್ಲು? ಲಾರಿನೇ ತಗಂಡಿದ್ರೆ ನಾಕ್ ಮೂಟೆ ಬೆಲ್ಲಾನಾದ್ರೂ ಏರ್ಬೋದಿತ್ತು" ಎನ್ನುತ್ತಾನೆ. ಟ್ಯಾಂಕಿನಲ್ಲಿ ನೊರೆ ಉಕ್ಕಿದರೆ ಅದು ಇಳಿಯುವವರೆಗೆ ನಿಂತು ಎಲೆಗೆ ಸುಣ್ಣ ಹಚ್ಚುತ್ತಾನೆ. ಹಿಂದಿನ ಲಾರಿಯವನು ಹಾರನ್ ಹೊಡೆದರೆ ಇನ್ನೊಂದು ಎಲೆ ತೆಗೆಯುತ್ತಾನೆ. ಟ್ಯಾಂಕರ್ ಬಾರದ ದಿನಗಳಲ್ಲಂತೂ ಪಂಪಿಗೆ ಸರಪಳಿ ಬಿಗಿದುಬಿಡುತ್ತಾನೆ. ಸಾಹೇಬರು ಬರಲಿ, ಸಾಹುಕಾರರು ಬರಲಿ, "ಸ್ಟಾಕಿಲ್ಲ, ಓಗಿ" ಎಂಬ ಒಂದೇ ಮಾತು. ಆದರೆ ನಿಜವಾಗಿ ಮಾಲಿಲ್ಲದ ಅಂಗಡಿಯವನು ಮನೆಗೆ ಹೋಗಿ ಮಲಗುತ್ತಾನೆ. ಇವನು ಸರಪಳಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಒಳಗೆ ಮಾಲಿದೆ ಎನ್ನಲು ವ್ಯಾಪಾರಿಯ ಕಣ್ಣಿಗೆ ಅಷ್ಟು ಸಾಕು. ಯಾರಿಗಾಗಿ ಎಂಬುದು ಮಾತ್ರ ತಿಳಿದಿರಲಿಲ್ಲ. ಅಂಥದೇ ಒಂದು ಮಧ್ಯಾಹ್ನ, ಹೆರಿಗೆ ನೋವು ಶುರುವಾದ ಸೊಸೆಯನ್ನು ಕೂರಿಸಿಕೊಂಡು ಹೊರಟಾಗ ಕಾರಿನ ಡೀಸೆಲ್ ಮುಳ್ಳು ತಳ ಮುಟ್ಟಿತ್ತು. ಬಂಕಿಗೇ ತಿರುಗಿಸಿದೆ. ಮುನಿರಾಮಯ್ಯ ಹಿಂದಿನ ಸೀಟಿಗೆ ಇಣುಕಿದ. ಸರಪಳಿ ಬಿಚ್ಚಿದ. ಬೆಳಗಿನಿಂದ ಕಾದು ಕೂತಿದ್ದ ಲಾರಿ ಡ್ರೈವರುಗಳಲ್ಲಿ ಒಬ್ಬನೂ ಗೊಣಗಲಿಲ್ಲ. "ಅದು ಬಸುರೀರ ಪಾಲು ಶೆಟ್ರೇ. ನಾವ್ ಕಾಲ್ ಇಡಿದ್ರೂ ಕೊಡಾಕಿಲ್ಲ ಕಣ್ರೀ, ಬೇಗ ಒರಡಿ" ಎಂದು ಒಬ್ಬ ತನ್ನ ಲಾರಿಯನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟ. ನನ್ನ ಮೊಮ್ಮಗಳು ರಸ್ತೆಯಲ್ಲಿ ಹುಟ್ಟದೆ ಆಸ್ಪತ್ರೆಯಲ್ಲಿ ಹುಟ್ಟಿದಳು; ಅದು ನನ್ನ ಮೇಲಿರುವ ಮುನಿರಾಮಯ್ಯನ ಋಣ.