ಪೇಂಟರ್ ಕಾಕನ ಸಂಜೆ

ಅವರ ಎಡ ಹುಬ್ಬಿನಲ್ಲಿ ಯಾವಾಗಲೂ ಯಾವುದಾದರೊಂದು ಬಣ್ಣ ಅಂಟಿಕೊಂಡಿರುತ್ತಿತ್ತು. ತಲೆಯೆತ್ತಿ ಸೀಲಿಂಗಿಗೆ ರೋಲರ್ ಎಳೆಯುವಾಗ ಬೆವರು ಕಣ್ಣಿಗಿಳಿಯುತ್ತದೆ, ಮಣಿಕಟ್ಟಿನಿಂದ ಒರೆಸಿಕೊಳ್ಳುತ್ತಾರೆ, ಬಣ್ಣ ಹುಬ್ಬಿಗೆ ಹತ್ತುತ್ತದೆ. ಬಲ ಹುಬ್ಬು ಪೂರ್ತಿ ನರೆತಿತ್ತು, ಎಡದ್ದಕ್ಕೆ ಮಾತ್ರ ವಾರಕ್ಕೊಂದು ವೇಷ. ಬಿಳಿ ಇದ್ದರೆ ಯಾವುದೋ ಆಫೀಸು, ಪಿಸ್ತಾ ಹಸಿರು ಇದ್ದರೆ ಕ್ಲಿನಿಕ್ಕು. ಒಮ್ಮೆ ಗುಲಾಬಿ ಹುಬ್ಬು ಹೊತ್ತು ಬಂದಿದ್ದರು, ಯಾರದೋ ಹೆಣ್ಣುಮಗುವಿನ ಕೋಣೆಯಂತೆ. ಬಾಗಿಲು ತೆಗೆದ ಕೂಡಲೇ ಹುಬ್ಬು ನೋಡಿ "ಶರ್ಕ್ ಪೇಟೆಯ ಬ್ಯಾಂಕಾ ಕಾಕ?" ಎಂದು ನಾನು ಕೇಳುವುದು, "ಇಲ್ಲ ಬಾಯಮ್ಮ, ಇವತ್ತು ಸೋತ್ರಿ ನೀವು" ಎಂದು ಅವರು ನಗುವುದು ನಮ್ಮಿಬ್ಬರ ಆಟವಾಗಿತ್ತು.

ನಾವು ಮಂಗಳೂರಿನ ಕೊಂಕಣಿಯವರು, ಅವರು ಉಳ್ಳಾಲದ ಬ್ಯಾರಿ. ಊರಿನಲ್ಲಾಗಿದ್ದರೆ ನೇತ್ರಾವತಿಯ ಆಚೆ ಅವರು, ಈಚೆ ನಾವು. ಪರಿಚಯವೇ ಆಗುತ್ತಿರಲಿಲ್ಲವೋ ಏನೋ. ಕುವೈತಿನ ಕಡಲ ದಂಡೆಯ ಊರಾದ ಫಿಂಟಾಸಿನಲ್ಲಿ ನಮ್ಮ ಬಾಡಿಗೆ ಫ್ಲ್ಯಾಟಿಗೆ ಬಣ್ಣ ಬಳಿಯಲು ಬಂದ ಪೇಂಟರ್ "ಗುಡ್ ಮಾರ್ನಿಂಗ್ ಮೇಡಂ" ಎಂದ ಧಾಟಿಯಲ್ಲೇ ನನಗೆ ಸಂಶಯ ಬಂತು. "ಊರು ಎಲ್ಲಿ ನಿಮ್ದು?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಅಷ್ಟೇ. ನಮ್ಮ ಕಡೆಯ ವಾಡಿಕೆಯಂತೆ ನಾನು ಮೇಡಂ ಹೋಗಿ ಬಾಯಮ್ಮ ಆದೆ, ಅವರು ಕಾಕ ಆದರು.

"ಯಾವ ಬಣ್ಣ ಹಾಕ್ತೀರಿ ಕಾಕ?"

"ಬಾಡಿಗೆಯವರಿಗೆ ಈ ದೇಶದಲ್ಲಿ ಒಂದೇ ಬಣ್ಣ ಬಾಯಮ್ಮ. ಬಿಸ್ಕುಟ್."

ನನ್ನ ಮೂಗು ಉದ್ದ ಎಂದು ನನ್ನ ಗಂಡ ಹೇಳುವುದುಂಟು. ಹೌದಪ್ಪ, ಉದ್ದವೇ. ಯಾರಾದರೂ ಕೆಲಸ ಮಾಡುತ್ತಿದ್ದರೆ ಅದು ಹೇಗೆ, ಯಾಕೆ ಎಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಆ ದಿನವೂ ಚಹಾದ ನೆಪ ಮಾಡಿಕೊಂಡು ಹಾಲ್‌ಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಪ್ರೈಮರ್ ಒಣಗಿದ ಗೋಡೆಯ ತುಂಬ ಒಂದು ಮಂಜಿ! ನಮ್ಮ ಬಂದರಿನಿಂದ ಹಂಚು ಹೇರಿಕೊಂಡು ಹೋಗುತ್ತಿದ್ದ ಹಳೆಯ ಹಾಯಿಹಡಗು. ಡಬ್ಬಿಗಳ ತಳದಲ್ಲಿ ಉಳಿದಿದ್ದ ನೀಲಿ, ಕಂದು ಕೆರೆದು ಕಾಕ ಅದನ್ನು ಬರೆದಿದ್ದರು.

"ಎಂತ ಚಂದ ಮಾರಾಯ್ರೆ! ಇದು ಹೀಗೇ ಇರ್ಲಿ."

"ಇರ್ಲಿ ಹೇಳಿದ್ರೆ ನಾಳೆ ನನ್ನ ಕೆಲಸ ಇರುದಿಲ್ಲ" ಎಂದು ನಕ್ಕರು. ಚಹಾ ಮುಗಿಯುವವರೆಗೆ ಮಂಜಿಯನ್ನೇ ನೋಡುತ್ತ ಕೂತರು. ಲೋಟ ಕೆಳಗಿಟ್ಟು ರೋಲರ್ ಎತ್ತಿದರು. ಮೊದಲು ಹಾಯಿ ಹೋಯಿತು, ಆಮೇಲೆ ಕಂಬ, ಆಮೇಲೆ ನೀರು. ನಾನು ನೋಡಲಾರದೆ ಖಾಲಿ ಲೋಟ ಎತ್ತಿಕೊಂಡೆ. ಅವರೋ, ಯಾವುದೋ ಹಾಡು ಗುನುಗುತ್ತ ಇಡೀ ಗೋಡೆಯನ್ನು ಬಿಸ್ಕುಟ್ ಮಾಡಿ ಮುಗಿಸಿದರು.

ಪ್ರತಿ ಮನೆಯಲ್ಲೂ ಅವರದ್ದು ಇದೇ ಪದ್ಧತಿಯಂತೆ. ಕೊನೆಯ ಕೋಟ್ ಹೊಡೆಯುವ ಮೊದಲು ಒಂದು ಗೋಡೆಯ ಮೇಲೆ ಕಡಲೋ ದೋಣಿಯೋ ಬರೆಯುವುದು, ಒಂದು ಚಹಾ ಕುಡಿಯುವಷ್ಟು ಹೊತ್ತು ನೋಡುವುದು, ಮುಚ್ಚುವುದು. ಈ ದೇಶದ ಎಷ್ಟು ಗೋಡೆಗಳೊಳಗೆ ಅವರ ಮಂಜಿಗಳು ನಿಂತಿವೆಯೋ ಅವರಿಗೇ ಗೊತ್ತಿರಲಿಲ್ಲ.

ಆಮೇಲೆ ಶುಕ್ರವಾರಗಳಂದು ಸುಲೈಬಿಯಾದ ಲೇಬರ್ ಕ್ಯಾಂಪಿನಿಂದ ಬಸ್ಸು ಹಿಡಿದು ಆಗಾಗ ನಮ್ಮ ಮನೆಗೆ ಬರುತ್ತಿದ್ದರು. ನಾನು ಬಿಡಬೇಕಲ್ಲ! ಕೇಳಿ ಕೇಳಿ ತಿಳಿದದ್ದಿಷ್ಟು. ಹುಡುಗನಾಗಿದ್ದಾಗ ಬಂದರಿನಲ್ಲಿ ಮಂಜಿಗಳ ಮೈಗೆ ಬಣ್ಣ ಹಚ್ಚಿ, ಮೂತಿಯ ಮೇಲೆ ಹೆಸರು ಬರೆಯುತ್ತಿದ್ದರು. ಚಿತ್ರ ಕಲಿಯುವ ಆಸೆ ಇತ್ತು, ತಂಗಿಯರ ಮದುವೆಯೂ ಇತ್ತು. ಕುವೈತಿಗೆ ಬಂದರು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಕೆಲಸದ ಎದುರು ಸಬ್ಬಾಗ್, ಅಂದರೆ ಬಣ್ಣ ಬಳಿಯುವವ, ಎಂದು ಬಿತ್ತು. ಅದೇ ಉಳಿಯಿತು.

"ಕಾಕ, ನಿಮ್ಮ ಮಂಜಿಯಲ್ಲಿ ಒಬ್ಬ ಮನುಷ್ಯನೂ ಇಲ್ವಲ್ಲ, ಯಾಕೆ?"

"ಮನುಷ್ಯರನ್ನು ಬರೀಬಾರ್ದು ಅಂತ ಮದ್ರಸದಲ್ಲಿ ಉಸ್ತಾದರು ಹೇಳಿದ್ದು. ಮತ್ತೆ, ಬರೆದ್ರೂ ನನಗೆ ಮೂಗು ಸರಿ ಬರುದಿಲ್ಲ. ನಿಮ್ಮಷ್ಟು ಉದ್ದ ಆಗ್ತದೆ."

ಹೀಗೆ ಕಾಲೆಳೆಯುವುದರಲ್ಲಿ ಭಾರೀ ಜೋರು. ಕ್ಯಾನ್ವಾಸ್ ತಂದುಕೊಡುತ್ತೇನೆ, ಅದರ ಮೇಲೆ ಬರೆಯಿರಿ, ಯಾರೂ ಅಳಿಸುವುದಿಲ್ಲ ಎಂದೆ. "ಅಷ್ಟು ಸಣ್ಣದರಲ್ಲಿ ನನ್ನ ಕೈ ತಿರುಗುದಿಲ್ಲ ಬಾಯಮ್ಮ" ಎಂದರು. ಆಮೇಲೆ, ಈ ಸಲ ನಗದೆ ಹೇಳಿದರು: "ಮೇಲೆ ಇನ್ನೊಂದು ಕೋಟ್ ಬೀಳದ ಗೋಡೆ ಒಂದು ಸಿಗ್ಬೇಕು. ಒಂದೇ ಒಂದು. ಅಷ್ಟಾದ್ರೆ ನಾನು ಇಲ್ಲಿಗೆ ಬಂದದ್ದಕ್ಕೆ ಒಂದು ಅರ್ಥ ಉಂಟು."

ಗೋಡೆ ಸಿಕ್ಕಿತು! ಅವರ ಕಫೀಲ್, ಎಂದರೆ ಅವರು ದುಡಿಯುವ ಪೇಂಟಿಂಗ್ ಕಂಪನಿಯ ಮಾಲಕ, ಫಿಂಟಾಸಿನವನೇ. ಅವನ ತಂದೆ ತೀರಾ ವಯಸ್ಸಾದವರು, ಎಲ್ಲರೂ ಬಾಬಾ ಎನ್ನುತ್ತಿದ್ದರು. ಹರೆಯದಲ್ಲಿ ಕೆಲವು ವರ್ಷ ಮುಂಬಯಿಯಲ್ಲಿದ್ದುದರಿಂದ ಬಾಬಾರಿಗೆ ಹಿಂದಿ ಬರುತ್ತಿತ್ತು. ಬಾಬಾರ ತಂದೆ ಹಾಯಿಹಡಗಿನಲ್ಲಿ ಮಂಗಳೂರಿಗೆ ಹೋಗಿ ಮರ, ಹಂಚು ತರುತ್ತಿದ್ದ ನಾವಿಕ. ಪೇಂಟರ್ ಮಂಗಳೂರಿನ ಬಂದರಿನವನು ಎಂದು ಗೊತ್ತಾದದ್ದೇ ತಡ, ಬಾಬಾ ತಮ್ಮ ದಿವಾನಿಯಾದ, ಎಂದರೆ ಗಂಡಸರು ಸಂಜೆ ಸೇರಿ ಮಾತಾಡುವ ಹೊರಕೋಣೆಯ, ಒಂದಿಡೀ ಗೋಡೆಯನ್ನು ಕಾಕನಿಗೆ ಬಿಟ್ಟುಕೊಟ್ಟರು. ಬೇಕಾದದ್ದು ಒಂದೇ ಚಿತ್ರ. ಒಂದು ಸಲ ತಂದೆಯ ಹಡಗು ಮುಳುಗಿತೆಂದು ಸುದ್ದಿಯಾಗಿ, ಮನೆಯವರು ಆಸೆ ಬಿಟ್ಟಿದ್ದಾಗ, ಒಂದು ಸಂಜೆ ಅದು ಫಿಂಟಾಸಿನ ಕಡಲಲ್ಲಿ ಕಾಣಿಸಿಕೊಂಡಿತಂತೆ. ಹುಡುಗ ಬಾಬಾ ತಾಯಿಯ ಕೈ ಹಿಡಿದು ದಂಡೆಯಲ್ಲಿ ನಿಂತಿದ್ದರಂತೆ. ಆ ಸಂಜೆ ಬೇಕು.

ಕಾಕ ಮದುಮಗನ ಹಾಗೆ ಓಡಾಡಿದರು. ಕೆಲಸ ಮುಗಿಸಿ ಅಲ್ಲಿಗೆ, ರಜೆಯಲ್ಲೂ ಅಲ್ಲಿಗೆ. ನಡುವೆ ಒಮ್ಮೆ ಬಂದು ಮೊಬೈಲಿನಲ್ಲಿ ತೋರಿಸಿದರು. ಕೆಂಡದಂಥ ಸೂರ್ಯ ಕಡಲಿಗೆ ಇಳಿಯುತ್ತಿದ್ದಾನೆ, ನೀರೆಲ್ಲ ಚಿನ್ನ, ಆ ಚಿನ್ನದ ನಡುವಿನಿಂದ ಹಡಗು ಬರುತ್ತಿದೆ. ನನ್ನ ಗಂಡ "ಪಣಂಬೂರು ಬೀಚಿಗೆ ಹೋದ ಹಾಗಾಯ್ತು" ಎಂದರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಇಣುಕಿ ನೋಡಿ, "ವಾವ್ ಅಂಕಲ್, ನೈಸ್ ಸನ್‌ರೈಸ್" ಎಂದಳು. ನಾವು ಮೂವರೂ ನಕ್ಕದ್ದೇ ನಕ್ಕದ್ದು. "ಪಾಪ, ಇದಕ್ಕೆ ಬೆಳಗ್ಗೆ ಯಾವುದು, ಸಂಜೆ ಯಾವುದು ಗೊತ್ತಿಲ್ಲ" ಎಂದೆ ನಾನು, ದೊಡ್ಡ ಬುದ್ಧಿವಂತೆ.

ಚಿತ್ರ ಮುಗಿದ ಶುಕ್ರವಾರ ಮಧ್ಯಾಹ್ನ, ದಿವಾನಿಯಾ ಖಾಲಿ ಇರುವ ಹೊತ್ತಿಗೆ, ಕಾಕ ನಮ್ಮನ್ನೂ ಕರೆದೊಯ್ದರು. ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಹುಬ್ಬು ಕೂಡ ತೊಳೆದು ಬಂದಿದ್ದರು! ಬಾಬಾ ಕೋಲೂರಿಕೊಂಡು ಬಂದು ಗೋಡೆಯೆದುರು ನಿಂತರು. ಅವರ ಮಗ ಹಿಂದೆ ನಿಂತ. ನೋಡಿದರು, ಮತ್ತೂ ನೋಡಿದರು.

"ಜಹಾಜ್ ಬಹುತ್ ಅಚ್ಛಾ" ಎಂದರು ಬಾಬಾ. "ಮಗರ್ ಭಾಯಿ, ಯೇ ತೋ ಸುಬಹ್ ಹೈ." ಹಡಗು ಚೆನ್ನಾಗಿದೆ, ಆದರೆ ಇದು ಬೆಳಗ್ಗೆಯಲ್ಲವೇ.

"ನಹೀ ಬಾಬಾ, ಶಾಮ್. ಸೂರಜ್ ಡೂಬ್ ರಹಾ ಹೈ" ಎಂದು ಕಾಕ ಮುಳುಗುತ್ತಿದ್ದ ಕೆಂಪು ಸೂರ್ಯನನ್ನು ತೋರಿಸಿದರು.

"ಸಮುಂದರ್ ಮೇ?" ಎಂದು ಕೇಳಿದರು ಬಾಬಾ. ಕಡಲಿನಲ್ಲಿ?

ಅಯ್ಯೋ ದೇವಾ! ಒಮ್ಮೆಲೇ ನನ್ನ ತಲೆಗೆ ಹೊಳೆಯಿತು. ಫಿಂಟಾಸಿನ ಕಡಲು ಇರುವುದು ಮೂಡಣಕ್ಕೆ. ಇಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಮುಳುಗುವುದು ಹಿಂದಿನ ಮರಳುಗಾಡಿಗೆ. ವರ್ಷಗಟ್ಟಲೆ ಇದೇ ಕಡಲಿನ ಎದುರು ಬಟ್ಟೆ ಒಣಗಿಸಿದವಳು ನಾನು, ಬೆಳಗಿನ ಬಿಸಿಲಿಗೆ ಪರದೆ ಎಳೆದವಳು ನಾನು. ಆದರೂ ಕಡಲು ಎಂದ ಕೂಡಲೇ ನಮ್ಮ ಕರಾವಳಿಯವರಿಗೆ ಅದು ಪಡುವಣವೇ, ಸಂಜೆಯೆಂದರೆ ಸೂರ್ಯ ನೀರಿಗಿಳಿಯಲೇಬೇಕು. ನಮ್ಮಲ್ಲಿ ಒಬ್ಬರಿಗಾದರೂ ಸಂಶಯ ಬರಬೇಡವೇ? ಬಂದದ್ದು ನಾವು ನಕ್ಕು ಬಾಯಿ ಮುಚ್ಚಿಸಿದ ಹುಡುಗಿಗೆ.

ಸೂರ್ಯನನ್ನು ತೋರಿಸುತ್ತಿದ್ದ ಕೈಯನ್ನು ಕಾಕ ಕೆಳಗಿಳಿಸಿದರು. ಮಗ ಮೊಬೈಲ್ ಜೇಬಿಗೆ ಹಾಕಿಕೊಳ್ಳುತ್ತ, "ಖಲಾಸ್. ವೈಟ್ ಮಾರೋ" ಎಂದ. ಎಲ್ಲದರ ಮೇಲೂ ಬಿಳಿ ಹೊಡೆದುಬಿಡು, ಮುಗಿಯಿತು. ಕಾಕ ಬಾಬಾರ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ಬಾಬಾ, ನಾನೇ ತಪ್ಪಿದ್ದು. ನಾನೇ ಮುಚ್ಚುತ್ತೇನೆ. ಆದರೆ ಇನ್ನೊಂದು ಸಲ ಬರೆಯಲು ಬಿಡಿ" ಎಂದು ಹಿಂದಿಯಲ್ಲಿ ಬೇಡಿದರು. ಬಾಬಾ ಮಗನಿಗೆ ಅರಬಿಯಲ್ಲಿ ಏನೋ ಗದರಿ, ಕಾಕನ ಹೆಗಲು ತಟ್ಟಿ ಒಳಗೆ ಹೋದರು.

ಆ ಚಿನ್ನದ ನೀರನ್ನು ಕಾಕ ತಮ್ಮ ಕೈಯಾರೆ ಮುಚ್ಚಿದರು. ಆಮೇಲೆ ಕೆಲವು ದಿನ ಆ ಗೋಡೆಗೆ ಕುಂಚ ಮುಟ್ಟಿಸಲಿಲ್ಲ. ಸಂಜೆಯಾದರೆ ನಮ್ಮ ಮನೆಯೆದುರಿನ ಕಡಲ ದಂಡೆಯಲ್ಲಿ, ಬೆನ್ನು ಸೂರ್ಯನಿಗೆ ಕೊಟ್ಟು ಕಲ್ಲಿನ ಮೇಲೆ ಕೂತಿರುತ್ತಿದ್ದರು. ನಾನು ಬಿಡುತ್ತೇನೆಯೇ? ಫ್ಲಾಸ್ಕಿನಲ್ಲಿ ಚಹಾ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ.

"ಎಂತ ಕಾಣ್ತದೆ ಕಾಕ?"

"ನೋಡಿ, ನೀರು ಕೆಂಪಾಗುದೇ ಇಲ್ಲ. ಸೀಸದ ಹಾಗೆ ಆಗ್ತದೆ. ಆಕಾಶದ ಕೆಳಗೆ ಬೂದಿ, ಅದರ ಮೇಲೆ ಒಂಚೂರು ಗುಲಾಬಿ. ಬೆಳಕೆಲ್ಲ ನಮ್ಮ ಬೆನ್ನಿನ ಹಿಂದೆ." ಆಮೇಲೆ ಹೇಳಿದರು: "ಇಷ್ಟು ವರ್ಷ ಇಲ್ಲಿ ಇದ್ದೆ ಬಾಯಮ್ಮ, ಇಲ್ಲಿಯ ಕಡಲನ್ನು ನೋಡಿಯೇ ಇಲ್ಲ. ಕಣ್ಣು ಬಿಟ್ಟಾಗೆಲ್ಲ ಉಳ್ಳಾಲವನ್ನೇ ನೋಡಿದ್ದು."

ನಾನೂ ಅದನ್ನೇ ಮಾಡಿದವಳು. ಅಂದಿನಿಂದ ನಾನೂ ಸಂಜೆಗಳಲ್ಲಿ ಆ ಸೀಸದ ಬಣ್ಣದ ನೀರನ್ನು ಕೂತು ನೋಡತೊಡಗಿದೆ. ಅದಕ್ಕೂ ಅದರದ್ದೇ ಚಂದ ಉಂಟು. ಈ ಊರನ್ನು ನನಗೆ ಊರು ಮಾಡಿಕೊಟ್ಟವರು ಕಾಕ. ಆ ಋಣ ದೊಡ್ಡದು.

ಎರಡನೆಯ ಚಿತ್ರದಲ್ಲಿ ಸೂರ್ಯನೇ ಇರಲಿಲ್ಲ. ಕಪ್ಪಾಗುತ್ತಿರುವ ನೀರು, ದೂರದಲ್ಲಿ ಹಡಗು. ದಂಡೆಯ ಕಡೆಯಿಂದ ಹೋದ ಕೊನೆಯ ಬಿಸಿಲು ಹಾಯಿಗೆ ಮಾತ್ರ ಬಿದ್ದು, ಹಾಯಿಯೊಂದೇ ಬೆಳಗುತ್ತಿತ್ತು. ಬಾಬಾ ಬಂದು ನೋಡಿದರು. ಕೋಲಿನ ತುದಿಯಿಂದ ತಮ್ಮ ಕಾಲ ಪಕ್ಕದ ಜಮಖಾನೆಯನ್ನು ಮುಟ್ಟಿ, "ಉಮ್ಮಿ ಇಧರ್ ಖಡೀ ಥೀ" ಎಂದರು. ಅಮ್ಮ ಇಲ್ಲಿ ನಿಂತಿದ್ದಳು. ಕಣ್ಣೊರೆಸಿಕೊಂಡರು. ಕಾಕ ಗೋಡೆ ನೋಡಲಿಲ್ಲ, ಬಾಬಾರ ಮುಖವನ್ನೇ ನೋಡುತ್ತಿದ್ದರು.

ಊರಿಗೆ ಹೋಗುತ್ತೇನೆ, ಹೋಗುತ್ತೇನೆ ಎನ್ನುತ್ತಲೇ ಇದ್ದರು. ಕಳೆದ ಚಳಿಗಾಲದ ಒಂದು ಬೆಳಗ್ಗೆ ಕ್ಯಾಂಪಿನ ಕೋಣೆಯಲ್ಲಿ ಏಳಲಿಲ್ಲ. ಹೃದಯಾಘಾತ ಎಂದರು. ಉಳ್ಳಾಲದಿಂದ ಹೆಂಡತಿ ಫೋನಿನಲ್ಲಿ ಅಳುತ್ತಲೇ, ತಡ ಮಾಡುವುದು ಬೇಡ, ಅಲ್ಲಿಯೇ ಮಣ್ಣು ಮಾಡಿ ಎಂದರಂತೆ.

ಇಲ್ಲಿ ಸಾವಾದರೆ ಮನೆಯವರು ಮೂರು ದಿನ ದಿವಾನಿಯಾದ ಬಾಗಿಲು ತೆರೆದಿಟ್ಟು, ಬಂದವರ ಸಾಂತ್ವನ ಪಡೆಯುತ್ತಾರೆ. ಅದು ಸ್ವಂತ ರಕ್ತಸಂಬಂಧಿಗಳಿಗೆ ಮಾಡುವುದು. ಬಾಬಾ ಕಾಕನಿಗಾಗಿ ಬಾಗಿಲು ತೆರೆಸಿದರು. ಸುಲೈಬಿಯಾದಿಂದ ವ್ಯಾನುಗಳಲ್ಲಿ ಬಂದ ಕ್ಯಾಂಪಿನವರು ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಹೊರಗೇ ನಿಂತರೆ, ಅಂದು "ವೈಟ್ ಮಾರೋ" ಎಂದಿದ್ದ ಮಗನೇ ಬಾಗಿಲಿಗೆ ಬಂದು ಒಬ್ಬೊಬ್ಬರ ಕೈ ಹಿಡಿದು ಒಳಗೆ ಕರೆದ. ಕಾಕನ ಕಡಲಿನ ಕೆಳಗೆ ಸಾಲಾಗಿ ಕೂತು ಅವರು ಕಾಫಿ ಕುಡಿದರು.

ಮೂರನೆಯ ದಿನ, ಜನ ಕಡಿಮೆಯಾದ ಮೇಲೆ ನನ್ನ ಗಂಡ ನನ್ನನ್ನು ಒಳಗೆ ಕರೆದರು. ಕಾಕನ ಜೊತೆಯ ಪೇಂಟರುಗಳು ಹೊರಡಲು ಎದ್ದಿದ್ದರು. ಪ್ರತಿವರ್ಷ ಕಾಕ ಬರುತ್ತಿದ್ದ ಹಾಗೆ ಈ ಸಲ ನೀವು ಈದ್‌ಗೆ ಮೊದಲು ಈ ಕೋಣೆಗೆ ಬಣ್ಣ ಹೊಡೆಯಲು ಬರಬೇಕು ಎಂದು ಮಗ ಅವರಿಗೆ ಹೇಳುತ್ತಿದ್ದ. ಅವರಲ್ಲೊಬ್ಬ ಕಾಕನ ಗೋಡೆಯ ಹಾಯಿಯ ಕಡೆ ನೋಡಿ, "ಔರ್ ಯೇ?" ಎಂದು ಮೆಲ್ಲಗೆ ಕೇಳಿದ. ಮತ್ತೆ ಇದು?

ಉತ್ತರ ಬಂದದ್ದು ಮೂಲೆಯಲ್ಲಿ ಕೂತಿದ್ದ ಬಾಬಾರಿಂದ.

"ತೀನ್ ದೀವಾರ್ ತುಮ್ಹಾರಾ. ಯೇ ಉಸ್ಕಾ."

ಮೂರು ಗೋಡೆ ನಿಮ್ಮದು. ಇದು ಅವನದು. ಮೂರು ದಿನ ತಡೆದುಕೊಂಡಿದ್ದ ನಾನು, ಅಷ್ಟು ಗಂಡಸರ ಎದುರಿಗೇ, ಜೋರಾಗಿ ಅತ್ತುಬಿಟ್ಟೆ.