ಗರಿಗರಿ ಅತ್ತಿಗೆ

ಲಾಡ್ಜುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ದೊಡ್ಡ ಚಾದರಗಳನ್ನು ಒಬ್ಬರೇ ಮಡಚಲು ಆಗುತ್ತಿರಲಿಲ್ಲ. ಈ ತುದಿಗೊಬ್ಬರು ಆ ತುದಿಗೊಬ್ಬರು ನಿಂತು ಮೂಲೆ ಹಿಡಿದು, ಒಮ್ಮೆ ಜಗ್ಗಿ ಬಿಗಿ ಮಾಡಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ಅತ್ತಿಗೆ ನಾದಿನಿ ಇಬ್ಬರದೂ ಅಲ್ಲಿ ಬಿಡದ ಜೋಡಿ. ಬಾಯಿಗೂ ಬಿಡುವಿಲ್ಲ, ಕೈಗೂ ಬಿಡುವಿಲ್ಲ. ಆದರೆ ಅತ್ತಿಗೆಯ ಮೈ ಹೇಗಿದೆ ಎನ್ನುವ ಸುದ್ದಿ ಮಾತ್ರ ನಾದಿನಿಗೆ ಅವಳ ಬಾಯಿಂದ ಬರುತ್ತಿರಲಿಲ್ಲ, ಚಾದರದಿಂದ ಬರುತ್ತಿತ್ತು. ಆ ತುದಿಯ ಜಗ್ಗು ಗಟ್ಟಿಯಾಗಿದ್ದರೆ ಇವತ್ತು ಪರವಾಗಿಲ್ಲ. ಸಡಿಲವಾಗಿದ್ದರೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗಿಲ್ಲ. ಈಚೆಗೆ ಅದು ದಿನೇ ದಿನೇ ಸಡಿಲಾಗುತ್ತಾ ಬಂದಿತ್ತು, ನಾದಿನಿಗೆ ಅದು ಸರಿ ಕಾಣುತ್ತಿರಲಿಲ್ಲ.

ಅತ್ತಿಗೆಯದು ಕೀಲುಗಳ ಕಾಯಿಲೆ. ಮಗಳು ಹುಟ್ಟಿದ ವರ್ಷ ಮನೆ ಹೊಕ್ಕದ್ದು, ಮಗಳು ಮದುವೆಯಾಗಿ ಹೊರಟುಹೋದರೂ ಇದು ಹೊರಡಲಿಲ್ಲ. ಪೂರ್ತಿ ವಾಸಿಯಾಗುವ ಜಾತಿಯದಲ್ಲ, ಸಂಭಾಳಿಸಿಕೊಂಡು ಹೋಗಬೇಕು, ಮೂರು ತಿಂಗಳಿಗೊಮ್ಮೆ ಬರಬೇಕು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಮೊದಲ ಸಲ ಅವಳು ಕೆಲಸದಿಂದ ನೇರವಾಗಿ ಹೋಗಿದ್ದಳು. ಬಟ್ಟೆಯ ಅಂಚು ಒದ್ದೆ, ತಲೆ ಕೆದರಿತ್ತು, ಮೈಯೆಲ್ಲ ಸೋಡಾಪುಡಿಯ ವಾಸನೆ. ಬಾಗಿಲಲ್ಲಿ ಚೀಟಿ ಕೊಡುವವನು "ಏ, ಆ ಕಡೆ ನಿಂತ್ಕೊ" ಎಂದವನು ಸರದಿ ಮುಗಿಯುವವರೆಗೂ ತಿರುಗಿ ನೋಡಲಿಲ್ಲ. ಮುಂದಿನ ಸಲ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಹೋದಳು. ಅದೇ ಆಸಾಮಿ "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದ. ಬಟ್ಟೆಯ ಮಹಿಮೆಯನ್ನು ಲಾಂಡ್ರಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂದಿನಿಂದ ಆಸ್ಪತ್ರೆಯ ದಿನ ಬಂತೆಂದರೆ ಅವಳು ಹೊಸ ನೋಟಿನ ಹಾಗೆ ಹೊರಡುತ್ತಿದ್ದಳು. ಲಾಂಡ್ರಿಯ ಹೆಂಗಸರು ಗರಿಗರಿ ಅಕ್ಕ ಎಂದು ಕರೆಯತೊಡಗಿದ್ದು ಆಮೇಲೆಯೇ.

"ಕಾಯಿಲೆ ನೋಡ್ಲಿ ಅಂತ ತಾನೇ ಹೋಗೋದು ಅತ್ತಿಗೆ? ಅದನ್ನೂ ಇಸ್ತ್ರಿ ಮಾಡ್ಕೊಂಡು ಹೋದ್ರೆ ಅವರು ನೋಡೋದಾದ್ರೂ ಏನು?" ಎಂದು ನಾದಿನಿ ಕೇಳಿದ್ದುಂಟು.

"ನಿನ್ನ ಬಾಯಿಗೆ ಮೊದಲು ಒಂದು ಕ್ಲಿಪ್ ಹಾಕ್ಬೇಕು ಕಣೇ" ಎಂದು ಅತ್ತಿಗೆ ನಕ್ಕುಬಿಟ್ಟಿದ್ದಳು.

ಬಟ್ಟೆಯೊಂದೇ ಆಗಿದ್ದರೆ ನಗಬಹುದಿತ್ತು. ಕೀಲುನೋವಿನ ಡಾಕ್ಟರು ಕೂರುವುದು ಮೇಲಿನ ಮಹಡಿಯಲ್ಲಿ, ಲಿಫ್ಟು ಸದಾ ಕೆಟ್ಟಿರುತ್ತಿತ್ತು. ಮೆಟ್ಟಿಲು ಹತ್ತಬೇಕಲ್ಲ ಎಂದು ಆ ದಿನ ಬೆಳಿಗ್ಗೆ ಅತ್ತಿಗೆ ಮೆಡಿಕಲ್ ಶಾಪಿನಿಂದ ತಾನೇ ತಂದ ನೋವಿನ ಮಾತ್ರೆ ಎರಡು ನುಂಗುತ್ತಿದ್ದಳು. ಒಂದು ಗಂಟೆಯಲ್ಲಿ ಕೈಕಾಲು ಸಡಿಲವಾಗಿ, ಮುಖದಲ್ಲಿ ನಗು ಬಂದು, ಡಾಕ್ಟರ ಮುಂದೆ ಮುಷ್ಟಿಯನ್ನೂ ಬಿಗಿಹಿಡಿದು ತೋರಿಸುತ್ತಿದ್ದಳು. ಹೀಗಾಗಿ ಆ ಡಾಕ್ಟರು ಅವಳ ಕೆಟ್ಟ ದಿನವನ್ನು ಒಂದು ಸಲವೂ ಕಂಡಿರಲಿಲ್ಲ. ಅವಳು ಮನೆಗೆ ಬಂದು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು ನಾದಿನಿಗೆ ಗೊತ್ತಿತ್ತು. ಆಮೇಲಾಮೇಲೆ ಆಸ್ಪತ್ರೆಯ ದಿನದ ಮಾತ್ರೆ ಕೆಲಸದ ದಿನಕ್ಕೂ ಬಂತು. ಡಾಕ್ಟರು ಬರೆದುಕೊಟ್ಟದ್ದು ಮನೆಯ ಡಬ್ಬಿಯಲ್ಲಿ, ಇದು ಯಾವಾಗಲೂ ಅವಳ ಜೇಬಿನಲ್ಲಿ.

ಆ ಚಳಿಗಾಲದಲ್ಲಿ ಅತ್ತಿಗೆಯ ಮುಖದ ಬಣ್ಣವೇ ಇಳಿಯಿತು. ಬುಟ್ಟಿ ಎತ್ತಿದರೆ ಏದುಸಿರು. ಸೋಡಾ ಮೂಟೆಗಳ ಹಿಂದೆ ಹೋಗಿ ಯಾರಿಗೂ ಕಾಣದ ಹಾಗೆ ಕೂತುಬಿಡುತ್ತಿದ್ದಳು. ಒಂದು ದಿನ ಅತ್ತಿಗೆ ಕಕ್ಕಸಿನಿಂದ ಹೊರಬಂದ ಮೇಲೆ ಅಲ್ಲಿಗೆ ಹೋದ ನಾದಿನಿ, ನೀರು ಸರಿಯಾಗಿ ಹೋಗಿರದ ಕಡೆ ನೋಡಿ ನಿಂತುಬಿಟ್ಟಳು. ಡಾಂಬರಿನಂತೆ ಕಪ್ಪು.

"ಏನದು ಅತ್ತಿಗೆ, ಅಷ್ಟು ಕಪ್ಪಗೆ?"

"ಕಬ್ಬಿಣದ ಮಾತ್ರೆ ತಿಂದ್ರೆ ಹಾಗೇ ಆಗುತ್ತೆ."

"ಕಬ್ಬಿಣದ ಮಾತ್ರೆ ನಿಮಗೆ ಯಾವಾಗ ಕೊಟ್ರು?"

ಅತ್ತಿಗೆ ಚಾದರದ ಮೂಲೆ ಎತ್ತಿ ಅವಳ ಕೈಗಿಟ್ಟಳು. "ನಿಮ್ಮಣ್ಣಂಗೆ ಹೇಳಿದ್ರೆ ನನ್ನ ಮೇಲಾಣೆ" ಎಂದಳು.

"ಅಣ್ಣಂಗೆ ಹೇಳಲ್ಲ. ಡಾಕ್ಟ್ರಿಗೆ ಹೇಳ್ತೀನಿ. ಈ ಸಲ ನಾನೂ ಬರ್ತೀನಿ" ಎಂದು ನಾದಿನಿ ಹಟ ಹಿಡಿದಳು.

ಆಸ್ಪತ್ರೆಯ ದಿನ ಬೆಳಿಗ್ಗೆ ಅತ್ತಿಗೆ ಕನ್ನಡಿಯ ಮುಂದೆ ಕೂತು, "ಮುಖ ತೀರಾ ಬಿಳಿಚಿಕೊಂಡಿದೆ, ಕೆನ್ನೆಗೆ ಒಂಚೂರು ಬಣ್ಣ ಹಚ್ಚೇ, ನನ್ನ ಬೆರಳಿಗೆ ಆಗ್ತಿಲ್ಲ" ಎಂದು ಕೇಳಿದಳು. ನಾದಿನಿ ಹಚ್ಚಿದಳು. ಬೇಡ ಬೇಡ ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು, ಆದರೂ ಹಚ್ಚಿದಳು. ನೋವಿನವರು ಕೇಳಿದ ಸಣ್ಣ ಕೆಲಸಕ್ಕೆ ಇಲ್ಲ ಅನ್ನುವುದು ಎಷ್ಟು ಕಷ್ಟ ಎಂಬುದು ಮನೆಯಲ್ಲಿ ಕಾಯಿಲೆಯವರಿದ್ದರೆ ಮಾತ್ರ ತಿಳಿಯುತ್ತದೆ.

ಡಾಕ್ಟರು ಕೆಟ್ಟವರೇನಲ್ಲ. ಇನ್ನೂ ಚಿಕ್ಕ ವಯಸ್ಸು, ಹೊರಗೆ ಬಾಗಿಲವರೆಗೂ ಜನ. "ಹೇಗಿದ್ದೀರಾ ಅಮ್ಮ? ಎಲ್ಲಿ, ಕೈ ಮಡಚಿ. ಭೇಷ್. ನಿಮ್ಮಷ್ಟು ಅಚ್ಚುಕಟ್ಟಾದ ಪೇಷೆಂಟು ನನಗೆ ಇನ್ನೊಬ್ಬರಿಲ್ಲ" ಎಂದರು.

"ಡಾಕ್ಟ್ರೇ, ಇವರಿಗೆ ಹೊಟ್ಟೇಲಿ..." ಎಂದು ನಾದಿನಿ ಬಾಯಿ ತೆಗೆದಳು.

ಅತ್ತಿಗೆ ಮೇಜಿನ ಕೆಳಗೆ ಅವಳ ಕಾಲು ತುಳಿದಳು. "ಇವಳಿಗೆ ಎಲ್ಲದಕ್ಕೂ ಗಾಬರಿ ಡಾಕ್ಟ್ರೇ. ನನಗೆ ನೆಗಡಿ ಬಂದ್ರೂ ಇವಳು ಅಳ್ತಾಳೆ. ಸ್ವಲ್ಪ ಗ್ಯಾಸು, ಅಷ್ಟೇ."

ಡಾಕ್ಟರು ನಕ್ಕರು. ಮುಂದಿನವರು ಆಗಲೇ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ನಾದಿನಿ ಎದ್ದಳು. ಎದ್ದದ್ದು ತಪ್ಪು ಎಂದು ಬಾಗಿಲು ದಾಟುವ ಮೊದಲೇ ಅವಳಿಗೆ ಅನಿಸಿತ್ತು, ಆದರೆ ಹಿಂದಕ್ಕೆ ಹೋಗುವಷ್ಟು ಧೈರ್ಯ ಬರಲಿಲ್ಲ.

ಮೆಟ್ಟಿಲಲ್ಲಿ ಅವಳು ಸಿಡಿದೆದ್ದಳು. "ಸಾಯೋಕೆ ಹೊರಟಿದ್ದೀರಾ ನೀವು? ಇದ್ದದ್ದನ್ನ ಹೇಳೋಕೆ ಏನು ಕಷ್ಟ?"

ಅತ್ತಿಗೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ನಿಂತು ಉಸಿರು ತೆಗೆದುಕೊಂಡಳು. "ಎಲ್ಲರೂ ನನ್ನ ನೋಡಿ ಪಾಪ ಅಂತಾರೆ ಕಣೇ. ನಿಮ್ಮಣ್ಣ ಅಂತಾನೆ, ನನ್ನ ಮಗಳು ಅಂತಾಳೆ, ನೀನೂ ಅಂತೀಯ. ಭೇಷ್ ಅನ್ನೋರು ಇವರೊಬ್ರೇ."

ನಾದಿನಿಯ ಕೋಪ ಇಳಿದು ಹೋಯಿತು, ಭಯ ಇಳಿಯಲಿಲ್ಲ.

ಮುಂದಿನ ವಾರ, ಮಧ್ಯಾಹ್ನದ ಊಟಕ್ಕೆ ಮೊದಲು, ಇಬ್ಬರೂ ಚಾದರ ಮಡಚುತ್ತಿದ್ದರು. ನಾದಿನಿ ಜಗ್ಗಿದಳು, ಆ ತುದಿ ಸುಮ್ಮನೆ ಇವಳ ಕಡೆ ಹಾರಿ ಬಂತು. ಅತ್ತಿಗೆ ಒದ್ದೆ ನೆಲದ ಮೇಲೆ ಮೊಣಕಾಲೂರಿದ್ದಳು. ಏನೋ ಹೇಳಲು ಹೋಗಿ ಬಿಳಿ ಬಟ್ಟೆಯ ರಾಶಿಯ ಮೇಲೆ ಕಪ್ಪಗೆ ಕಾರಿಕೊಂಡಳು. ಮತ್ತೊಮ್ಮೆ ಕಾರಿದಾಗ ಕೆಂಪಗಿತ್ತು. ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ ಅಣ್ಣ ಮೂಟೆಗಳನ್ನು ರಸ್ತೆಗೆ ಎಸೆದು ಹೆಂಡತಿಯನ್ನು ಒಳಗೆ ಮಲಗಿಸಿಕೊಂಡ. ದಾರಿಯುದ್ದಕ್ಕೂ ನಾದಿನಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಬಂದ ಬೈಗುಳಗಳನ್ನೆಲ್ಲ ಬೈದಳು. ಅತ್ತಿಗೆ ತಿರುಗಿ ಒಂದು ಮಾತೂ ಆಡಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವತ್ತು ಡ್ಯೂಟಿಯಲ್ಲಿದ್ದದ್ದು ಅದೇ ಚಿಕ್ಕ ವಯಸ್ಸಿನ ಡಾಕ್ಟರು. ಅತ್ತಿಗೆಯ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಜೇಬಿನಿಂದ ಉದುರಿದ ಮಾತ್ರೆಯ ಹಾಳೆಗಳನ್ನು ತಿರುಗಿಸಿ ನೋಡಿದರು. ನರ್ಸಿಗೆ ಏನೇನೋ ಹೇಳಿ ಹೊರಗೆ ಬಂದವರೇ ರೇಗಿದರು.

"ಮೈಯಲ್ಲಿ ರಕ್ತವೇ ಇಲ್ಲ. ಈ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿದೆ, ತಿಂಗಳುಗಟ್ಟಲೆ ಒಳಗೇ ರಕ್ತ ಹೋಗಿದೆ. ಉಳಿಸ್ತೀನಿ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ. ಇಷ್ಟಾಗೋವರೆಗೂ ಏನು ಮಾಡ್ತಿದ್ರಿ ನೀವು? ಒಬ್ಬ ಡಾಕ್ಟ್ರಿಗಾದ್ರೂ ತೋರಿಸಬಾರದಿತ್ತಾ?"

ಅಣ್ಣ ತಲೆ ತಗ್ಗಿಸಿದ. ನಾದಿನಿ ತಗ್ಗಿಸಲಿಲ್ಲ.

"ಹೋದ ವಾರ ತೋರಿಸಿದ್ವಿ ಡಾಕ್ಟ್ರೇ."

"ಯಾರಿಗೆ?"

"ನಿಮಗೇ."

ಡಾಕ್ಟರು ತಿರುಗಿ, ಅರ್ಧ ತೆರೆದ ಬಾಗಿಲಿನಿಂದ ಮಂಚದ ಕಡೆ ನೋಡಿದರು. ಕೆದರಿದ ಕೂದಲು, ನೆಲದ ನೀರು ಹೀರಿದ ಬಟ್ಟೆ, ಬೂದಿಯಂತಾದ ಮುಖ. ಗುರುತು ಹತ್ತಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದ ಮೇಲೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.