ದ್ಯಾವಮ್ಮನ ಎಮ್ಮೆ ಮತ್ತು ನನ್ನ ಭಾಷಣ

ಮೊನ್ನೆ ಬೆಳಿಗ್ಗೆ ಆನಂದಪುರದ ಬಸ್ ಸ್ಟಾಪಿನ ಹತ್ತಿರ ದ್ಯಾವಮ್ಮ ಎಮ್ಮೆಯ ಹಗ್ಗ ಹಿಡಿದುಕೊಂಡು ಎದುರಾದಳು. ನಮ್ಮ ಮನೆಗೆ ಹಾಲು ಕೊಡುವ ಎಮ್ಮೆ ಅದು. ಕಣ್ಣು ಒದ್ದೆಯಾಗಿತ್ತು (ದ್ಯಾವಮ್ಮನದು).

“ಎಲ್ಲಿಗೆ ಹೊರಟೆ?”

“ಸಾಗರದ ಸಂತೆಗೆ. ಇದನ್ನ ಮಾರಿ ಬತ್ತೀನಿ ಮೇಷ್ಟ್ರೆ.”

“ಎಂತಕ್ಕೆ?”

“ನೀವೇ ಕೇಳ್ತೀರಲ್ಲ! ನೀವು ಭತ್ತ ಮಿಲ್ಲಿಗೆ ಹಾಕಿದ್ರಿ. ನಿಮ್ಮ ನೋಡಿ ಕೇರಿಯೋರೆಲ್ಲ ಹಾಕಿದ್ರು. ತೌಡು ಎಲ್ಲಿಂದ ತರ್ಲಿ? ಬರೀ ಹುಲ್ಲಿಗೆ ಹಾಲು ಇಳೀತದಾ?”

ನಿಂತ ನೆಲ ಕುಸಿದಂತಾಯಿತು. ಇನ್ನೂ ಸುಧಾರಿಸಿಕೊಂಡಿಲ್ಲ.

ನಾನು ಮಾರ್ಕ್ಸ್‌ವಾದಿ ಎಂಬುದು ಈ ಅಂಕಣದ ಓದುಗರಿಗೆ ಗೊತ್ತು (ಕೆಲವರಿಗೆ ಬೇಜಾರಾಗುವಷ್ಟು ಗೊತ್ತು). ಊರಿಗೆ ಕರೆಂಟು ಬಂದು, ಅದರ ಬೆನ್ನಿಗೇ ರೈಸ್ ಮಿಲ್ಲು ಬಂದಾಗ ಶಾಲೆಯ ಜಗಲಿಯಲ್ಲಿ ಒಂದು ಗಂಟೆ ಭಾಷಣ ಬಿಗಿದವನು ನಾನೇ. ಮನುಷ್ಯ ದುಡಿಮೆಯಿಂದ ಪ್ರಕೃತಿಯನ್ನು ಬದಲಿಸುತ್ತಾನೆ, ಯಂತ್ರವೆಂದರೆ ಅವನ ಉದ್ದವಾದ ಕೈ, ಒನಕೆ ಹಿಡಿದು ಹೆಂಗಸರು ಸವೆದದ್ದು ಸಾಕು ಎಂದೆ. ಅಷ್ಟಕ್ಕೇ ನಿಲ್ಲಿಸಿದೆನೇ? ಮಣ್ಣಿನಿಂದ ಬಂದದ್ದು ಮಣ್ಣಿಗೆ ಮರಳಬೇಕು, ಬಂಡವಾಳ ಆ ಕೊಂಡಿಯನ್ನೇ ಕಡಿಯುತ್ತದೆ ಎಂದೂ ಸೇರಿಸಿದೆ. ಉದಾಹರಣೆಗೆ ಹಳ್ಳಿಗಳ ಫಸಲು ತಿಂದು, ಗೊಬ್ಬರವಾಗಬೇಕಾದ ಹೊಲಸನ್ನೆಲ್ಲ ಹೊಳೆಗೆ ಬಿಟ್ಟ ಲಂಡನ್ ನಗರವನ್ನು ಕೊಟ್ಟೆ! ಚಪ್ಪಾಳೆ ಬಿತ್ತು. ದ್ಯಾವಮ್ಮನೂ ತಟ್ಟಿದಳು.

ಮರುವಾರವೇ ನಮ್ಮ ಮನೆಯ ಭತ್ತ ಮಿಲ್ಲಿಗೆ ಹೋಯಿತು. ವರ್ಷಗಟ್ಟಲೆ ನಮ್ಮಲ್ಲಿ ಭತ್ತ ಕುಟ್ಟಿದ ದ್ಯಾವಮ್ಮನಿಗೆ ವಿಶ್ರಾಂತಿ ಕೊಟ್ಟೆನೆಂದು ಬೀಗಿದೆ.

ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಕುಟ್ಟಿದವಳಿಗೆ ನುಚ್ಚು, ತೌಡು. ನುಚ್ಚು ಅವಳ ಗಂಜಿಗೆ, ತೌಡು ಎಮ್ಮೆಗೆ. ಎಮ್ಮೆಯ ಸಗಣಿ ಗೊಬ್ಬರವಾಗಿ ಅವಳ ಗೇಣಿ ಗದ್ದೆಗೆ. ಹಾಲು ನನ್ನ ಕಾಫಿಗೆ. ಮಿಲ್ಲಿನ ಪದ್ಧತಿ ಬೇರೆ. ಅಲ್ಲಿ ಅಕ್ಕಿ ತೆಗೆದುಕೊಂಡು ತೌಡು ಬಿಟ್ಟು ಬರಬೇಕು. ಬಿಟ್ಟು ಬಂದೆ. ಯಾಕೆ ಎಂದು ಕೇಳಲೂ ಇಲ್ಲ! ಲಂಡನ್ನಿನ ಮಣ್ಣಿಗಾಗಿ ಮರುಗಿದವನ ಕಣ್ಣಿಗೆ ಹಿತ್ತಿಲ ಒರಳು ಕಾಣಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

“ಸ್ವಲ್ಪ ತಡಿ” ಎಂದು ಮಿಲ್ಲಿಗೆ ಓಡಿದೆ. ಮಾಲೀಕರು ಲಾರಿಗೆ ತೌಡಿನ ಮೂಟೆ ಹೇರಿಸುತ್ತಿದ್ದರು. ನನ್ನ ಭತ್ತದ ತೌಡು ಕೊಡಿ ಎಂದೆ.

“ನಿಮ್ದು ಅಂತ ಬೇರೆ ಎಲ್ಲಿದೆ ಮೇಷ್ಟ್ರೆ? ಎಲ್ಲಾ ಒಟ್ಟಿಗೇ ಶಿವಮೊಗ್ಗಕ್ಕೆ ಹೋಗ್ತದೆ. ಮಿಲ್ಲು ಬೇಕು ಅಂತ ಭಾಷಣ ಮಾಡಿದ್ದು ನೀವೇ ಅಲ್ವಾ?” ಎಂದು ನಕ್ಕರು.

ಬರಿಗೈಯಲ್ಲಿ ವಾಪಸು ಬಂದೆ. ದ್ಯಾವಮ್ಮ ಇನ್ನೂ ನಿಂತಿದ್ದಳು.

“ಎಮ್ಮೆ ಮಾರ್ಬೇಡ. ನಾಳೆಯಿಂದ ನಮ್ಮನೇಲಿ ಮತ್ತೆ ಕುಟ್ಟು. ಮಿಲ್ಲಿನ ಸಹವಾಸವೇ ಬೇಡ” ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು.

“ಮತ್ತೆ ಒನಕೆ ಹಿಡೀಲಾ? ಭುಜ ಬಿದ್ದು ಹೋಗಿದೆ ಮೇಷ್ಟ್ರೆ. ಮಿಲ್ಲು ಬೇಡ ಅಂತ ನಾ ಯಾವಾಗ ಅಂದೆ? ಮಿಲ್ಲು ಇರ್ಲಿ. ತೌಡು ನಮ್ಗೆ ಬರ್ಲಿ ಅಂದೆ, ಅಷ್ಟೆ.”

ಹಗ್ಗ ಎಳೆದುಕೊಂಡು ಸಾಗರದ ದಾರಿ ಹಿಡಿದೇ ಬಿಟ್ಟಳು. ಎಮ್ಮೆ ಒಮ್ಮೆ ನಮ್ಮ ಮನೆಯ ಕಡೆ ತಿರುಗಿ ನೋಡಿತು.

ಅವತ್ತು ಶಾಲೆಯ ಜಗಲಿಯಲ್ಲಿ ಭಾಷಣ ಮಾಡಬೇಕಾಗಿದ್ದವರು ಯಾರು, ಚಪ್ಪಾಳೆ ತಟ್ಟಬೇಕಾಗಿದ್ದವರು ಯಾರು?